ಒಂದೇ ಅಮೈನೊ ಆಮ್ಲ ಬದಲಾದರೆ ಕಿಣ್ವ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಬಿಎಸ್ಸಿ ವಿದ್ಯಾರ್ಥಿನಿ. ಫಿನೈಲ್‌ಕೀಟೋನ್ಯೂರಿಯಾ, ಅಂದರೆ ಪಿಕೆಯು ಕಾಯಿಲೆಯಲ್ಲಿ ಕಿಣ್ವದ 452 ಅಮೈನೊ ಆಮ್ಲಗಳಲ್ಲಿ ಒಂದು ಬದಲಾದರೂ ಸಾಕು ಅಂತ ಓದಿದೆ. ಅದು ಕ್ರಿಯೆ ನಡೆಯುವ ಜಾಗದಲ್ಲೇ ಇರಬೇಕಂತಲೂ ಇಲ್ಲವಂತೆ. ಹಾಗಾದರೆ ಕಿಣ್ವ ಯಾಕೆ ಕೆಡುತ್ತದೆ? ಔಷಧಿ ಕೆಲವರಿಗಷ್ಟೇ ಯಾಕೆ ನಾಟುತ್ತದೆ?

ಉತ್ತರ: ಎಷ್ಟೋ ರೋಗಿಗಳಲ್ಲಿ ಕಿಣ್ವ ಕೆಟ್ಟಿದೆ ಅನ್ನುವುದಕ್ಕಿಂತ, ಅದು ಜೀವಕೋಶದಲ್ಲಿ ಉಳಿಯುವುದೇ ಇಲ್ಲ ಅನ್ನುವುದು ಸರಿ. ಪಠ್ಯಪುಸ್ತಕದ ಬೀಗ-ಕೀಲಿ ಚಿತ್ರ ನೋಡಿ ನೋಡಿ ನಾವು ಕ್ರಿಯೆ ನಡೆಯುವ ಜಾಗವನ್ನಷ್ಟೇ ಗಮನಿಸುತ್ತೇವೆ. ಉಳಿದ ಭಾಗವೂ ಅಷ್ಟೇ ಮುಖ್ಯ.

ಈ ಕಿಣ್ವದ ಹೆಸರು ಫಿನೈಲ್‌ಅಲನಿನ್ ಹೈಡ್ರಾಕ್ಸಿಲೇಸ್. ಬೇಳೆ, ಹಾಲು, ಮೊಟ್ಟೆಯಿಂದ ಬರುವ ಫಿನೈಲ್‌ಅಲನಿನ್ ಅನ್ನು ಲಿವರ್‌ನಲ್ಲಿ ಟೈರೋಸಿನ್ ಆಗಿ ಬದಲಿಸುತ್ತದೆ. ಅದಾಗದೆ ಫಿನೈಲ್‌ಅಲನಿನ್ ರಕ್ತದಲ್ಲಿ ತುಂಬಿಕೊಂಡು ಮಿದುಳಿಗೆ ಹಾನಿ ಮಾಡುವುದೇ ಪಿಕೆಯು. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ನಿಂದ ಹೊರಬರುವಾಗ ಕಿಣ್ವ ಬರೀ ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ನೀರಿಗೆ ಒಗ್ಗದ ಭಾಗಗಳು ಒಳಗೆ ಸೇರಿಕೊಂಡು ಅದು ಮಡಚಿಕೊಳ್ಳುತ್ತದೆ. ಇಂಥ ನಾಲ್ಕು ಸರಪಳಿ ಕೂಡಿದರೆ ಪೂರ್ತಿ ಕಿಣ್ವ. ಈ ಆಕಾರವನ್ನು ಹಿಡಿದಿಟ್ಟಿರುವುದು ಸಣ್ಣ ಸಣ್ಣ, ದುರ್ಬಲ ಬಂಧಗಳು. ಕೆಲವು ತಪ್ಪಿದರೂ ಆಕಾರ ಸಡಿಲವಾಗುತ್ತದೆ.

ಯುರೋಪಿನಲ್ಲಿ ಜಾಸ್ತಿ ಕಾಣುವ ಆರ್408ಡಬ್ಲ್ಯೂ ಬದಲಾವಣೆಯನ್ನೇ ನೋಡಿ. 408ನೇ ಜಾಗದಲ್ಲಿ ಆರ್ಜಿನಿನ್ ಹೋಗಿ ಟ್ರಿಪ್ಟೋಫ್ಯಾನ್ ಬಂದಿರುತ್ತದೆ. ಆರ್ಜಿನಿನ್‌ಗೆ ಧನ ಆವೇಶವಿದೆ, ಅಕ್ಕಪಕ್ಕದ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ. ಟ್ರಿಪ್ಟೋಫ್ಯಾನ್‌ಗೆ ಆವೇಶವಿಲ್ಲ, ಎರಡು ಉಂಗುರಗಳ ದಪ್ಪ ಗಾತ್ರ ಬೇರೆ. ಈ ಜಾಗ ಇರುವುದು ಕ್ರಿಯೆ ನಡೆಸುವ ಭಾಗಕ್ಕೂ ನಾಲ್ಕು ಸರಪಳಿಗಳನ್ನು ಕೂಡಿಸುವ ಭಾಗಕ್ಕೂ ನಡುವಿನ ಕೀಲಿನಲ್ಲಿ. ಕ್ರಿಯೆಗೆ ಬೇಕಾದ ಕಬ್ಬಿಣವನ್ನು ಹಿಡಿಯುವ ಅಮೈನೊ ಆಮ್ಲಗಳು ಹಾಗೇ ಇವೆ. ಆದರೆ ಮಡಿಕೆ ಸರಿಯಾಗಿ ಕೂರುವುದಿಲ್ಲ, ಒಳಗಿರಬೇಕಾದದ್ದು ಹೊರಗೆ ಕಾಣಿಸಿಕೊಳ್ಳುತ್ತದೆ. ಅದನ್ನು ಚಾಪರೋನ್ ಎಂಬ, ಮಡಚಲು ನೆರವಾಗುವ ಪ್ರೋಟೀನ್‌ಗಳು ಸರಿಮಾಡಲು ನೋಡುತ್ತವೆ. ಆಗದಿದ್ದರೆ ‘ಇದು ಬೇಡ’ ಅನ್ನುವ ಗುರುತಾಗಿ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಅಂಟುತ್ತದೆ, ಕೆಟ್ಟ ಪ್ರೋಟೀನ್ ಒಡೆಯುವ ಪ್ರೋಟಿಯಾಸೋಮ್ ಕಿಣ್ವವನ್ನು ತುಂಡರಿಸುತ್ತದೆ.

ಇನ್ನು ಔಷಧಿ. 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸ್ಯಾಪ್ರೊಪ್ಟೆರಿನ್ ಈ ಕಿಣ್ವದ ಸಹಾಯಕ ಅಣು ಬಿಎಚ್4ನ ತಯಾರಿಸಿದ ರೂಪ. ಕಿಣ್ವಕ್ಕೆ ಅಂಟಿಕೊಂಡು ಅದು ಆಕಾರವನ್ನೂ ಹಿಡಿದಿಡುತ್ತದೆ. 414ನೇ ಜಾಗದಲ್ಲಿ ಟೈರೋಸಿನ್ ಹೋಗಿ ಸಿಸ್ಟೀನ್ ಬರುವ ವೈ414ಸಿಯಂಥ ಬದಲಾವಣೆಯಲ್ಲಿ ಸ್ವಲ್ಪ ಕಿಣ್ವವಾದರೂ ಉಳಿದಿರುತ್ತದೆ, ಅಲ್ಲಿ ಇದು ಸಾಮಾನ್ಯವಾಗಿ ಫಲ ಕೊಡುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಆರ್408ಡಬ್ಲ್ಯೂ ಬಂದಿದ್ದರೆ ಹಿಡಿದಿಡಲು ಏನೂ ಉಳಿದಿರುವುದಿಲ್ಲ ಅಲ್ವಾ? ಹಾಗಾಗಿ ಜೀನಿನ ಎರಡೂ ಪ್ರತಿಗಳನ್ನು ನೋಡದೆ ಔಷಧಿಯ ಬಗ್ಗೆ ಊಹೆ ಮಾಡಬಾರದು.

ಅಂಥ ಮಕ್ಕಳಿಗೆ ಫಿನೈಲ್‌ಅಲನಿನ್ ಕಡಿಮೆ ಇರುವ ಆಹಾರವೇ ಆಧಾರ. ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಹಾಕಿದ ಡಯಟ್ ಕೋಲಾ ಕೂಡ ಆಗದು, ಅದರಿಂದಲೂ ಫಿನೈಲ್‌ಅಲನಿನ್ ಬರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯ ಶುರುವಾದರೆ ಮಿದುಳಿನ ಹಾನಿ ತಪ್ಪುತ್ತದೆ. ಅದಕ್ಕೆ ಬೇಕಿರುವುದು ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದ ಪರೀಕ್ಷೆ. ನಮ್ಮ ದೇಶದಲ್ಲಿ ಅದು ಇನ್ನೂ ಎಲ್ಲ ಮಕ್ಕಳಿಗೂ ಆಗುತ್ತಿಲ್ಲ. ಆಗಲೇಬೇಕು.