ನೈಲಾನ್ ಪಟ್ಟಿಗೆ ಹಾಟ್ ನೈಫ್: ವ್ಯಾಟ್ ನೋಡುವ ಮೊದಲು ಪಟ್ಟಿ ಯಾವುದೆಂದು ನೋಡಿ

ಮೆಣಸು ಕೊಯ್ಯುವವರ ಹೆಗಲಚೀಲ ಮತ್ತು ಹಸುಗಳ ಕೊರಳಪಟ್ಟಿಯನ್ನು ಮನೆಯಲ್ಲೇ ಹೊಲಿಯಲು ಹೊರಟಿದ್ದೀರಿ. ಕತ್ತರಿಯಿಂದ ಕತ್ತರಿಸಿದರೆ ತುದಿ ನೂಲುನೂಲಾಗಿ ಬಿಚ್ಚಿಕೊಳ್ಳುತ್ತದೆ, ಮೇಣದಬತ್ತಿಗೆ ಹಿಡಿದರೆ ಕರಿ ಗಂಟಾಗುತ್ತದೆ, ಯಾವ ಹಾಟ್ ನೈಫ್ (ಕತ್ತರಿಸುತ್ತಲೇ ಅಂಚನ್ನು ಕರಗಿಸಿ ಮುಚ್ಚುವ ಬಿಸಿ ಅಲಗು) ಕೊಳ್ಳಲಿ, ನರ್ಸರಿಯ ಶೇಡ್ ನೆಟ್‌ಗೂ ಅದು ಆಗುತ್ತದೆಯೇ ಎಂದು ಕೇಳಿದ್ದೀರಿ. ‘ಹೆಚ್ಚು ವ್ಯಾಟ್ ಇರುವುದನ್ನೇ ತೆಗೆದುಕೊಳ್ಳಿ’ ಎಂದು ನಿಮ್ಮ ಪ್ರಶ್ನೆಗೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಬಿಸಿಯನ್ನು ಬೇಕಾದಷ್ಟಕ್ಕೆ ನಿಲ್ಲಿಸಲು ಬರುವ ಉಪಕರಣವೇ ನಿಮಗೆ ಬೇಕಾದದ್ದು. ವ್ಯಾಟ್ ಲೆಕ್ಕ ಆಮೇಲೆ ಬರುತ್ತದೆ.

ಮೊದಲು ನಿಮ್ಮ ಕೈಯಲ್ಲಿರುವ ಪಟ್ಟಿ ಯಾವುದೆಂದು ತಿಳಿದುಕೊಳ್ಳಿ. ಅಂಗಡಿಗಳಲ್ಲಿ ಹೊಳೆಯುವ ಪಟ್ಟಿಗೆಲ್ಲ ನೈಲಾನ್ ಎಂದೇ ಹೇಳುವುದು ರೂಢಿ. ಒಳಗಿರುವುದು ಪಾಲಿಪ್ರೊಪಿಲೀನ್ ಆಗಿರಬಹುದು, ಪಾಲಿಯೆಸ್ಟರ್ ಕೂಡ ಆಗಿರಬಹುದು. ನೈಲಾನಿನಲ್ಲೇ ಎರಡು ಬಗೆ: ನೈಲಾನ್ 6 ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನೈಲಾನ್ 66 ಸುಮಾರು 260ಕ್ಕೆ. ಪಾಲಿಯೆಸ್ಟರ್ ಕೂಡ 250ರಿಂದ 260ರ ಆಸುಪಾಸಿನದೇ. ಪಾಲಿಪ್ರೊಪಿಲೀನ್ ಮಾತ್ರ 160–165ಕ್ಕೇ ಕರಗಿಬಿಡುತ್ತದೆ. ನೈಲಾನ್‌ಗೆ ಹೊಂದಿಸಿದ ಅಲಗನ್ನು ಅದಕ್ಕೆ ತಾಗಿಸಿದರೆ ಅಂಚು ಸರಿಯಾಗಿ ಕೂಡುವುದಿಲ್ಲ, ದಾರ ದಾರವಾಗಿ ಎಳೆದುಕೊಂಡು ಬಂದು ಅಲಗಿಗೆ ಮೆತ್ತಿಕೊಳ್ಳುತ್ತದೆ.

ಗುರುತಿಸಲು ಸುಲಭವಾದ ದಾರಿ ನೀರು. ಪಟ್ಟಿಯ ಒಂದು ಚಿಕ್ಕ ತುಂಡನ್ನು ನೀರಿನ ಪಾತ್ರೆಗೆ ಹಾಕಿ, ಒಂದೆರಡು ಹನಿ ಸೋಪಿನ ನೀರು ಬಿಟ್ಟು, ಒಳಗಿನ ಗಾಳಿ ಹೋಗುವವರೆಗೆ ಚೆನ್ನಾಗಿ ಹಿಸುಕಿ ಬಿಡಿ. ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥಿಲೀನ್. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಕತ್ತರಿಸುವ ಮಟ್ಟಿಗೆ ಇವೆರಡರ ನಡುವೆ ನಿಮಗೆ ದೊಡ್ಡ ವ್ಯತ್ಯಾಸವಿಲ್ಲ. ಹತ್ತಿಯ ನವಾರ ಪಟ್ಟಿಯಾದರೆ ಅದೂ ಮುಳುಗುತ್ತದೆ. ಆದರೆ ಅದು ಕರಗುವುದೇ ಇಲ್ಲ, ಬರೀ ಸುಡುತ್ತದೆ; ಅದಕ್ಕೆ ಕತ್ತರಿ ಮತ್ತು ಹೊಲಿಗೆಯೇ ಸರಿ.

ಈಗ ಉಪಕರಣಕ್ಕೆ ಬರೋಣ. 25 ವ್ಯಾಟ್‌ನ ಸಾಮಾನ್ಯ ಸೋಲ್ಡರಿಂಗ್ ಐರನ್ (ವೈರುಗಳಿಗೆ ಬೆಸುಗೆ ಹಾಕುವ ಬಿಸಿ ಕಡ್ಡಿ) ತೆಳು ಬಟ್ಟೆಗೆ ಸಾಕು, ದಪ್ಪ ಪಟ್ಟಿಗೆ ಸಾಲದು. ಪಟ್ಟಿಯ ಅರ್ಧಕ್ಕೆ ಬರುವಷ್ಟರಲ್ಲಿ ತುದಿಯ ಬಿಸಿಯನ್ನೆಲ್ಲ ನೈಲಾನ್ ಹೀರಿಕೊಂಡಿರುತ್ತದೆ. ವ್ಯಾಟ್ ಉಪಯೋಗಕ್ಕೆ ಬರುವುದು ಇಲ್ಲಿಯೇ, ಕಳೆದುಕೊಂಡ ಬಿಸಿಯನ್ನು ಬೇಗ ತುಂಬಿಕೊಡುವುದಕ್ಕೆ. ನಿಮ್ಮ 25 ಮತ್ತು 38 ಮಿಲಿಮೀಟರ್ ಅಗಲದ ಪಟ್ಟಿಗಳಿಗೆ, ಹಿಡಿಯಲ್ಲಿ ಬಿಸಿ ಹೊಂದಿಸುವ ತಿರುಗುಗುಂಡಿ ಇರುವ 60 ವ್ಯಾಟ್‌ನ ಸೋಲ್ಡರಿಂಗ್ ಐರನ್ ಮತ್ತು ಅದಕ್ಕೆ ಕೂರುವ ಚಾಕುವಿನ ಆಕಾರದ ತುದಿ ಮೊದಲ ಖರೀದಿಯಾಗಲಿ. ಅಂಗಡಿಯಲ್ಲಿ ‘ಕೆ ಟಿಪ್’ ಎಂದರೆ ಕೊಡುತ್ತಾರೆ. ಬೆಂಗಳೂರಿಗೆ ಹೋಗುವವರಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಐರನ್ನನ್ನೂ ತುದಿಯನ್ನೂ ಒಟ್ಟಿಗೆ ಕೂರಿಸಿ ನೋಡಿಯೇ ತರಿಸಿ. ಆ ತುದಿಯ ಒಳಗೆ ತಾಮ್ರ, ಮೇಲೆ ಕಬ್ಬಿಣದ ತೆಳು ಲೇಪ ಇರುತ್ತದೆ. ಹರಿತ ಸಾಲದೆಂದು ಅರದಿಂದ ಉಜ್ಜಬೇಡಿ. ಲೇಪ ಹೋದರೆ ತುದಿ ಬೇಗ ಸವೆಯುತ್ತದೆ. ಕತ್ತರಿಸುವುದು ಬಿಸಿ, ಹರಿತವಲ್ಲ.

ಪಿಸ್ತೂಲಿನಂತೆ ಕುದುರೆ ಒತ್ತುವ ಹಾಟ್ ನೈಫ್‌ಗಳಲ್ಲಿ ಎರಡು ಜಾತಿ. ಟ್ರಾನ್ಸ್‌ಫಾರ್ಮರ್ ಇರುವುದು ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ, ಒತ್ತಿದಷ್ಟು ಹೊತ್ತೂ ಕಾಯುತ್ತಲೇ ಹೋಗುತ್ತದೆ. ಅದನ್ನು ಸ್ವಲ್ಪ ಹೊತ್ತು ಒತ್ತಿ, ಅದರ ಕೆಲವು ಪಟ್ಟು ಹೊತ್ತು ಬಿಡಬೇಕು. ಎಷ್ಟೆಷ್ಟು ಎಂಬುದನ್ನು ಮೈಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುತ್ತಾರೆ, ಓದದೆ ಕೊಳ್ಳಬೇಡಿ. ಪಟ್ಟಿಗೆ ಒಂದೊಂದು ಏಟು ಕೊಟ್ಟು ಮುಗಿಸುವ ಕೆಲಸಕ್ಕೆ ಇದು ಬಹಳ ಚೆನ್ನ. ಉದ್ದದ ಬಟ್ಟೆ ಸೀಳಲು ಒಗ್ಗುವುದಿಲ್ಲ. ಇನ್ನೊಂದು ಜಾತಿ ಫೋಮ್ ಕತ್ತರಿಸುವವರು ಬಳಸುವಂಥದ್ದು, ಬಿಡುವಿಲ್ಲದೆ ಕಾದಿರುತ್ತದೆ, ಬಿಸಿಗೆ ಗುಂಡಿ ಇರುತ್ತದೆ. ಚೀಲ ಹೊಲಿದು ಊರಿನವರಿಗೂ ಮಾರುವ ಯೋಚನೆ ಇದ್ದರೆ ಆಗ ಅದಕ್ಕೆ ಹಣ ಹಾಕಿ. ಜರ್ಮನಿಯ ಎಚ್‌ಎಸ್‌ಜಿಎಂ ಕಂಪನಿ ಇದೇ ಕೆಲಸಕ್ಕೆಂದು ಉಪಕರಣ ಮಾಡುತ್ತದೆ, ಆದರೆ ನಿಮ್ಮ ಪ್ರಮಾಣಕ್ಕೆ ಅಷ್ಟು ಬೇಕಿಲ್ಲ. ಗ್ಯಾಸ್ ತುಂಬಿಸುವ ಐರನ್‌ಗಳೂ ಇವೆ. ಬೇಸಿಗೆಯಲ್ಲಿ ಒಣ ತರಗೆಲೆ ಬಿದ್ದಿರುವ ತೋಟದೊಳಗೆ ಅದನ್ನು ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

ವೋಲ್ಟೇಜ್ ವಿಷಯವನ್ನು ಬಹಳ ಜನ ಮರೆಯುತ್ತಾರೆ. ನಮ್ಮ ಕಡೆ ಸಂಜೆ ಹೊತ್ತು 180 ವೋಲ್ಟ್‌ಗೆ ಇಳಿಯುವುದುಂಟು. 230 ವೋಲ್ಟ್‌ಗೆ ಮಾಡಿದ 60 ವ್ಯಾಟ್‌ನ ಸಾದಾ ಐರನ್ 180ರಲ್ಲಿ ಸುಮಾರು 37 ವ್ಯಾಟ್ ಮಾತ್ರ ಕೊಡುತ್ತದೆ, ಏಕೆಂದರೆ ಶಕ್ತಿ ಇಳಿಯುವುದು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ. ಬೆಳಿಗ್ಗೆ ಬೆಣ್ಣೆಯಂತೆ ಕತ್ತರಿಸಿದ್ದು ಸಂಜೆ ಎಳೆದಾಡಿದರೆ ಉಪಕರಣವನ್ನು ಬೈಯುವ ಮೊದಲು ವೋಲ್ಟೇಜ್ ನೋಡಿ. 60 ವ್ಯಾಟ್ ಮನೆಯ ಇನ್ವರ್ಟರ್‌ಗೆ ಭಾರವೇನಲ್ಲ, ಅದರಲ್ಲೇ ನಡೆಸಬಹುದು. ಅಮೆರಿಕದಲ್ಲಿರುವ ನೆಂಟರಿಂದ ತರಿಸುವುದಾದರೆ ಅಲ್ಲಿನದು 120 ವೋಲ್ಟ್‌ನದು ಎಂಬುದು ನೆನಪಿರಲಿ. ಪಿನ್ ಬದಲಿಸುವ ಅಡಾಪ್ಟರ್ ಸಾಲದು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಇಲ್ಲವಾದರೆ ಚುಚ್ಚಿದ ಕೂಡಲೇ ಸುಟ್ಟುಹೋಗುತ್ತದೆ.

ಕತ್ತರಿಸುವ ವಿಧಾನ ಹೀಗೆ. ಅಡಿಗೆ ದಪ್ಪ ಗಾಜು ಅಥವಾ ನುಣುಪಾದ ಟೈಲ್ಸ್ ಇಡಿ. ಲೋಹದ ಹಲಗೆ ಬಿಸಿಯನ್ನು ಕದಿಯುತ್ತದೆ, ಪ್ಲೈವುಡ್ ಕರಕಲಾಗುತ್ತದೆ. ಅಳತೆಪಟ್ಟಿ ಸ್ಟೀಲಿನದಾಗಿರಲಿ, ಅಲ್ಯೂಮಿನಿಯಂ ಅದಕ್ಕಿಂತ ಬೇಗ ಬಿಸಿ ಎಳೆಯುತ್ತದೆ, ಪ್ಲಾಸ್ಟಿಕ್ಕಿನ ಮಾತೇ ಬೇಡ. ನೈಲಾನ್‌ಗೆ ಗುಂಡಿಯನ್ನು 350 ಡಿಗ್ರಿಗೂ ಪಾಲಿಪ್ರೊಪಿಲೀನ್‌ಗೆ 250ಕ್ಕೂ ಇಟ್ಟು, ತ್ಯಾಜ್ಯ ತುಂಡಿನ ಮೇಲೆ ಶುರು ಮಾಡಿ. ಕರಗುವ ಬಿಸಿಗಿಂತ ಇಷ್ಟು ಹೆಚ್ಚು ಏಕೆಂದರೆ ಅಲಗು ಚಲಿಸುತ್ತಲೇ ಬಿಸಿ ಕಳೆದುಕೊಳ್ಳುತ್ತದೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಹೊಗೆ ಎದ್ದರೆ ಬಿಸಿ ಇಳಿಸಿ. ಎಳೆಗಳು ಕಡಿಯದೆ ಉಳಿದರೆ ಕೈಯ ವೇಗ ತಗ್ಗಿಸಿ, ಆಗಲೂ ಆಗದಿದ್ದರೆ ಮಾತ್ರ ಬಿಸಿ ಏರಿಸಿ. ಗರಗಸದಂತೆ ಹಿಂದೆ ಮುಂದೆ ಆಡಿಸಬೇಡಿ, ಒಂದೇ ದಿಕ್ಕಿಗೆ ಎಳೆಯಿರಿ. ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಅಂಚುಗಳು ಅಂಟಿಕೊಳ್ಳುತ್ತವೆ. ಚೀಲದ ತೆಳು ಬಟ್ಟೆಗೆ ಚೂಪು ತುದಿ ಹಾಕಿ ಅಳತೆಪಟ್ಟಿಯ ಪಕ್ಕದಲ್ಲಿ ಗೆರೆ ಎಳೆದ ಹಾಗೆ ಸಾಗಿದರೆ ಸಾಕು, ಒತ್ತುವ ಅಗತ್ಯವೇ ಇಲ್ಲ. ತುದಿಗೆ ಮೆತ್ತಿದ ನೈಲಾನನ್ನು ಬಿಸಿ ಇರುವಾಗಲೇ ಹಿತ್ತಾಳೆಯ ತಂತಿ ಬ್ರಷ್ಷಿನಿಂದ ತೆಗೆಯಿರಿ.

ಕರಗಿದ ಅಂಚು ತಣಿದ ಮೇಲೆ ಗಟ್ಟಿಯಾದ ಏಣಾಗುತ್ತದೆ. ಹೊಲಿಗೆ ಅದರ ಮೇಲೆ ಬಿದ್ದರೆ ಸೂಜಿ ಮುರಿಯಬಹುದು, ಮೂರು ನಾಲ್ಕು ಮಿಲಿಮೀಟರ್ ಒಳಗೆ ಹೊಲಿಯಿರಿ. ಹಸುವಿನ ಕೊರಳಿಗೆ ಆ ಏಣು ಉಜ್ಜಿದರೆ ಗಾಯವಾಗುತ್ತದೆ. ಆದ್ದರಿಂದ ತುದಿಯನ್ನು ಮಡಚಿ ಒಳಗೆ ಸೇರಿಸಿ, ಚೌಕ ಹಾಕಿ ನಡುವೆ ಅಡ್ಡಗೆರೆಗಳ ಹೊಲಿಗೆ ಹಾಕಿ. ಭಾರ ಹೊರಬೇಕಾದದ್ದು ಆ ಹೊಲಿಗೆ. ಸುಟ್ಟ ಅಂಚು ನೂಲು ಬಿಚ್ಚದಂತೆ ತಡೆಯುತ್ತದೆ ಅಷ್ಟೇ.

ಅಡಿಕೆ, ತೆಂಗು ಹತ್ತುವವರ ಸುರಕ್ಷತಾ ಬೆಲ್ಟನ್ನು ಮಾತ್ರ ಯಾರೂ ಈ ಉಪಕರಣದ ಹತ್ತಿರ ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಉದ್ದ ಹೆಚ್ಚಾಯಿತೆಂದು ತುದಿ ಕತ್ತರಿಸುವುದಾಗಲಿ, ಸವೆದ ಎಳೆಗಳನ್ನು ಸುಟ್ಟು ಅಂಟಿಸುವುದಾಗಲಿ ಕೂಡದು. ಬಿಸಿ ತಾಗಿದ ಜಾಗದಲ್ಲಿ ಪಟ್ಟಿ ಎಷ್ಟು ದುರ್ಬಲವಾಗಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಅದನ್ನು ನಂಬಿ ಮರದ ಮೇಲೆ ನಿಂತಿರುವುದು ಒಂದು ಜೀವ. ಎಳೆ ಸವೆದ ಬೆಲ್ಟನ್ನು ಬದಲಿಸಿ.

ಹೊಗೆಯನ್ನೂ ಹಗುರವಾಗಿ ಎಣಿಸಬೇಡಿ. ನೈಲಾನ್ ಸುಟ್ಟರೆ ಇಂಗಾಲದ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಬಿಸಿ ಮಿತಿಯಲ್ಲಿರಲಿ ಎಂದು ಇಷ್ಟು ಹೇಳುವುದಕ್ಕೆ ಅದೂ ಒಂದು ಕಾರಣ. ಜಗಲಿಯಲ್ಲಿ ಕೂತು, ಗಾಳಿ ನಿಮ್ಮಿಂದ ಆಚೆಗೆ ಹೋಗುವಂತೆ ನೋಡಿಕೊಂಡು ಕೆಲಸ ಮಾಡಿ. ಧೂಳಿನ ಮಾಸ್ಕ್ ಈ ಅನಿಲಗಳನ್ನು ತಡೆಯುವುದಿಲ್ಲ. ಪಿವಿಸಿ ಲೇಪದ ದಪ್ಪ ಟಾರ್ಪಾಲನ್ನು ಬಿಸಿ ಅಲಗಿನಿಂದ ಕತ್ತರಿಸಲೇಬೇಡಿ, ಕ್ಲೋರಿನ್ ಸೇರಿದ ಆಮ್ಲದ ಹೊಗೆ ಬರುತ್ತದೆ. ಮೈಮೇಲೆ ಹತ್ತಿಬಟ್ಟೆ ಇರಲಿ. ಕರಗಿದ ನೈಲಾನ್ ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುತ್ತದೆ, ಆಗ ಕಿತ್ತು ತೆಗೆಯಲು ಹೋಗದೆ 20 ನಿಮಿಷ ಹರಿಯುವ ನೀರಿಗೆ ಹಿಡಿದು ವೈದ್ಯರಲ್ಲಿಗೆ ಹೋಗಿ.

ಕೊನೆಗೆ ನೀವು ಕೇಳಿದ ನರ್ಸರಿಯ ಶೇಡ್ ನೆಟ್. ಅದು ಸಾಮಾನ್ಯವಾಗಿ 130 ಡಿಗ್ರಿಯ ಹತ್ತಿರವೇ ಕರಗುವ ಪಾಲಿಥಿಲೀನ್. ಹೆಣಿಗೆಯ ಬಗೆಯದಾದರೆ ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ, ಒಳ್ಳೆಯ ಕತ್ತರಿ ಸಾಕು. ನೇಯ್ಗೆಯದಾದರೆ ಅಂಚನ್ನು ಒಂದು ಮಡಿಕೆ ಮಡಚಿ ಹೊಲಿದುಬಿಡಿ. ಅದಕ್ಕಾಗಿ ಹಾಟ್ ನೈಫ್ ಕೊಳ್ಳುವ ಅಗತ್ಯವಿಲ್ಲ.