ರೂಟರ್ ಹಾಲ್‌ನಲ್ಲಿದೆ, ಹಿಂದಿನ ರೂಮುಗಳಿಗೆ ವೈಫೈ ತಲುಪುತ್ತಿಲ್ಲ. ಎಕ್ಸ್‌ಟೆಂಡರ್ ತಗೊಳ್ಳಲಾ, ಮೆಶ್ ತಗೊಳ್ಳಲಾ?

ಹಿಂದಿನ ಎರಡು ರೂಮುಗಳಲ್ಲಿ ವಿಡಿಯೋ ಕಾಲ್ ನಿಂತು ನಿಂತು ಬರುತ್ತದೆ ಎಂದಿದ್ದೀರಿ. ಸದ್ಯಕ್ಕೆ ಎಕ್ಸ್‌ಟೆಂಡರೂ (ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ) ಬೇಡ, ಮೆಶ್ಶೂ (ಒಟ್ಟಾಗಿ ಒಂದೇ ವೈಫೈ ಕೊಡುವ ಹಲವು ಡಬ್ಬಿಗಳ ಸೆಟ್) ಬೇಡ. ಮೊದಲು ರೂಟರಿನ ಜಾಗ ಬದಲಿಸಿ ನೋಡಿ. ಅದರಿಂದ ಆಗಲಿಲ್ಲವೆಂದರೆ ಒಂದು ಕೇಬಲ್ ಎಳೆಯಿರಿ. ಅದೂ ಸಾಧ್ಯವಿಲ್ಲದಿದ್ದರೆ ಮಾತ್ರ ಹೊಸ ಡಬ್ಬಿ ಕೊಳ್ಳುವ ಯೋಚನೆ.

ಇದಕ್ಕೂ ಮುಂಚೆ ಒಂದು ಪರೀಕ್ಷೆ. ರೂಟರ್ ಪಕ್ಕದಲ್ಲೇ ನಿಂತು ವೇಗ ನೋಡಿ. ಅಲ್ಲೇ ನಿಧಾನ ಇದ್ದರೆ ತೊಂದರೆ ಇರುವುದು ಬಹುಶಃ ನಿಮ್ಮ ಇಂಟರ್ನೆಟ್ ಲೈನಿನಲ್ಲಿ. ಏನು ಕೊಂಡು ತಂದರೂ ಅದು ಸರಿಹೋಗುವುದಿಲ್ಲ. ಅಲ್ಲಿ ಚೆನ್ನಾಗಿದ್ದರೆ ಆಂಡ್ರಾಯ್ಡ್ ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆಪ್ ಹಾಕಿಕೊಂಡು ಪ್ರತಿ ರೂಮಿನಲ್ಲೂ ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಅಂಕಿ ನೋಡಿ. ಮೈನಸ್ 50ರ ಆಸುಪಾಸು ಇದ್ದರೆ ಬಹಳ ಚೆನ್ನಾಗಿದೆ. ಮೈನಸ್ 67ರವರೆಗೂ ವಿಡಿಯೋ ಕಾಲ್‌ಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೈನಸ್ 80ಕ್ಕಿಂತ ಕೆಳಗೆ ಹೋದರೆ ಕನೆಕ್ಟ್ ಆಗಿದೆ ಎಂದು ತೋರಿಸುತ್ತದೆ, ಆದರೆ ಕೆಲಸ ನಡೆಯುವುದಿಲ್ಲ. 3 ಡಿಬಿ ಇಳಿಯಿತೆಂದರೆ ಸಿಗ್ನಲ್‌ನ ಶಕ್ತಿ ಅರ್ಧಕ್ಕೆ ಇಳಿಯಿತು ಎಂದೇ ಲೆಕ್ಕ.

ಈಗ ರೂಟರಿನ ಜಾಗ. ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ, ನೆಲದ ಮೇಲೆ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಲೋಹ ಮತ್ತು ಕನ್ನಡಿ ಸಿಗ್ನಲ್ಲನ್ನು ವಾಪಸ್ ಎಸೆಯುತ್ತವೆ. ನೀರು ಅದನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಮೀನಿನ ತೊಟ್ಟಿಯೂ ಅಡ್ಡಿಯೇ. ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆಯಂತೂ ಎಲ್ಲಕ್ಕಿಂತ ದೊಡ್ಡ ತಲೆನೋವು. ಮನೆಯ ಮಧ್ಯಕ್ಕೆ ಆದಷ್ಟು ಹತ್ತಿರ, ಎದೆಮಟ್ಟಕ್ಕಿಂತ ಮೇಲೆ, ಬಯಲಾಗಿ ಇಡಿ. ಆಂಟೆನಾ ನೆಟ್ಟಗೆ ನಿಂತಿದ್ದರೆ ಸಿಗ್ನಲ್ ಅದರ ಸುತ್ತ ಅಡ್ಡಡ್ಡಕ್ಕೆ ಹರಡುತ್ತದೆ, ತುದಿಯ ಕಡೆಗೆ ಹೋಗುವುದು ಕಡಿಮೆ. ಆಂಟೆನಾದ ತುದಿಯನ್ನು ರೂಮಿನ ಕಡೆ ಗುರಿ ಇಟ್ಟು ಮಲಗಿಸುವವರಿಗೆ ಅದಕ್ಕೇ ಉಲ್ಟಾ ಫಲ ಸಿಗುವುದು.

ಬ್ಯಾಂಡ್ (ವೈಫೈ ಓಡುವ ರೇಡಿಯೋ ಆವರ್ತನ) ಕೂಡ ಬದಲಿಸಿ ನೋಡಿ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ದೂರದ ರೂಮಿನಲ್ಲಿ 2.4ಕ್ಕೆ ಸೇರಿಕೊಂಡರೆ ಎಷ್ಟೋ ಸಲ ಕಾಲ್ ನಿಲ್ಲುವುದೇ ತಪ್ಪುತ್ತದೆ.

ಸುಮ್ನೆ ರೂಟರಿನ ಪವರ್ ಜಾಸ್ತಿ ಮಾಡಿದರೆ ಸಾಲದಾ ಎಂದು ಕೆಲವರು ಕೇಳುತ್ತಾರೆ. ಸಾಲದು. ನೀವು ಮೈಕ್ ಹಿಡಿದು ಕೂಗಿದರೂ ಆ ತುದಿಯಲ್ಲಿರುವವರು ಪಿಸುಗುಟ್ಟಿದ್ದು ನಿಮಗೆ ಕೇಳಿಸಬೇಕಲ್ವಾ? ಫೋನಿನ ಪುಟ್ಟ ರೇಡಿಯೋ ಕಳಿಸುವ ಉತ್ತರವೂ ರೂಟರಿಗೆ ತಲುಪಬೇಕು.

ಇಷ್ಟಾದರೂ ಆಗದಿದ್ದರೆ ಕೇಬಲ್. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತಂತಿಗೆ ಗೋಡೆಯ ಹಂಗಿಲ್ಲ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ವೇಗ ಕೊಡುತ್ತದೆ, ಮನೆಗೆ ಅದು ಧಾರಾಳ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ, ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ. ಅದರ ಆ ತುದಿಗೆ ಹಳೆಯ ರೂಟರ್ ಹಾಕಿ. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹಂಚುವ ಮೋಡ್) ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ, ಮುಖ್ಯ ರೂಟರಿಗೆ ಜೋಡಿಸುವ ಮೊದಲೇ, ಲ್ಯಾಪ್‌ಟಾಪಿನಿಂದ ಅದರ ಸೆಟ್ಟಿಂಗ್ ಒಳಗೆ ಹೋಗಿ ಎರಡು ಕೆಲಸ ಮಾಡಿ. ಮುಖ್ಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಕೊಡಿ, ಅದು ಬೇರೆ ಯಾವ ಸಾಧನಕ್ಕೂ ಸಿಕ್ಕಿರಬಾರದು ಅಷ್ಟೆ. ಆಮೇಲೆ ಹಳೆಯದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಇದನ್ನು ಮಾಡದೆ ಬಿಟ್ಟರೆ ಎರಡೂ ರೂಟರುಗಳು ವಿಳಾಸ ಹಂಚಲು ಶುರುಮಾಡುತ್ತವೆ, ಕೆಲವು ಫೋನುಗಳಿಗೆ ಇಂಟರ್ನೆಟ್ಟೇ ಸಿಗುವುದಿಲ್ಲ. ಕೇಬಲನ್ನು ಎರಡೂ ಕಡೆ ಲ್ಯಾನ್ ಪೋರ್ಟಿಗೆ ಹಾಕಿ, ಹಳೆಯದರ ವ್ಯಾನ್ ಪೋರ್ಟ್ (ಇಂಟರ್ನೆಟ್ ಲೈನ್ ಹಾಕುವ ಜಾಗ) ಖಾಲಿ ಇರಲಿ.

ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ. ಚಾನೆಲ್ (ಬ್ಯಾಂಡಿನೊಳಗಿನ ಭಾಗ) ಮಾತ್ರ ಬೇರೆ. 2.4ರಲ್ಲಿ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ, ಇವುಗಳಲ್ಲೇ ಆರಿಸಿ. ಯಾವ ರೂಟರಿಗೆ ಸೇರಬೇಕೆಂದು ಕೊನೆಗೆ ತೀರ್ಮಾನಿಸುವುದು ಫೋನು, ಹಾಗಾಗಿ ನಡೆದಾಡುವಾಗ ಒಮ್ಮೊಮ್ಮೆ ಮೊದಲು ಸೇರಿದ್ದ ಸಿಗ್ನಲ್ಲಿಗೇ ಅಂಟಿಕೊಳ್ಳುತ್ತದೆ. ವೈಫೈ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ.

ಕೇಬಲ್ ಎಳೆಯಲು ಆಗುವುದೇ ಇಲ್ಲ ಎಂದರೆ ಎಕ್ಸ್‌ಟೆಂಡರ್. ಕೊಳ್ಳುವುದಾದರೆ ಎರಡೂ ಬ್ಯಾಂಡ್ ಇರುವುದನ್ನೇ ಕೊಳ್ಳಿ. ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ಎಕ್ಸ್‌ಟೆಂಡರಿನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದನ್ನು ಸಿಗ್ನಲ್ ಇಲ್ಲದ ರೂಮಿನಲ್ಲಿ ಇಡಬೇಡಿ. ಅಲ್ಲಿಗೆ ಬರುವುದೇ ಸೊರಗಿದ ಸಿಗ್ನಲ್, ಅದನ್ನೇ ಹಂಚುತ್ತದೆ. ರೂಟರಿಗೂ ಆ ರೂಮಿಗೂ ನಡುವೆ, ಮೈನಸ್ 65ರ ಆಸುಪಾಸು ಇರುವ ಕಡೆ ಇಡಿ. ಮೆಶ್‌ಗೂ ಇದೇ ಮಾತು ಅನ್ವಯಿಸುತ್ತದೆ. ಪೆಟ್ಟಿಗೆಗಳು ತಮ್ಮ ತಮ್ಮೊಳಗೆ ಮಾತಾಡಲು ಪ್ರತ್ಯೇಕ ರೇಡಿಯೋ ಇರುವ ಟ್ರೈ ಬ್ಯಾಂಡ್ ಮೆಶ್ ಸಿಕ್ಕರೆ ಒಳ್ಳೆಯದು. ನಿಮ್ಮದು ಬರೀ ಎರಡು ರೂಮಿನ ತೊಂದರೆ, ಅದಕ್ಕೆ ಅಷ್ಟು ಖರ್ಚು ಬೇಕು ಎಂದು ನನಗನಿಸುವುದಿಲ್ಲ.

ಎರಡೂ ರೂಮಿನ ಡಿಬಿಎಂ ಅಂಕಿ ಮತ್ತು ಹಳೆಯ ರೂಟರ್ ಇದ್ದರೆ ಅದರ ಮಾಡೆಲ್ ಇಲ್ಲಿ ಬರೆಯಿರಿ. ಯಾವ ಸೆಟ್ಟಿಂಗ್ ಎಲ್ಲಿದೆ ಎಂದು ನೋಡಿ ಹೇಳುತ್ತೇನೆ.