ಅಳಿಯನಿಗೆ ಹಾಕಿದ ಕುರ್ಚಿ

ಮಿತ್ರರೇ,

ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ. ಹಾಕಿಲ್ಲ. ನಿಮ್ಮ ಪತ್ರ ನಾಲ್ಕು ಪುಟ ಇದೆ. ಅಷ್ಟನ್ನೂ ಅಚ್ಚು ಮಾಡಲು ಜಾಗವಿಲ್ಲ, ಹಾಗಾಗಿ ಉಳಿದ ಓದುಗರಿಗೆ ಅದರ ಸಾರ ಹೇಳಿಬಿಡುತ್ತೇನೆ.

ನೀವು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೀರಿ. ನಿಮ್ಮ ಹೆಂಡತಿ ಮೊದಲ ಹೆರಿಗೆಗೆ ತವರಿಗೆ ಹೋಗಿದ್ದರು. ಹೆಣ್ಣುಮಗು ಹುಟ್ಟಿತು. ಎಂಟನೇ ದಿನಕ್ಕೆ ಅವರಿಗೆ ನಿದ್ದೆ ಪೂರ್ತಿ ಹೋಯಿತು. 'ಇದು ನನ್ನ ಮಗು ಅಲ್ಲ, ಯಾರೋ ಬದಲಾಯಿಸಿದ್ದಾರೆ' ಎಂದು ಕೂಗಾಡಿದರು. ದೃಷ್ಟಿ ತೆಗೆಸಿದರು, ದೇವರ ಹತ್ತಿರ ಕೇಳಿಸಿದರು. ಕೊನೆಗೆ ನೀವೇ ಗಟ್ಟಿ ಮನಸ್ಸು ಮಾಡಿ ಬೆಂಗಳೂರಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದಿರಿ. ಈಗ ಅವರು ನಿಮ್ಮ ಬಾಡಿಗೆ ಮನೆಯಲ್ಲಿದ್ದಾರೆ, ಎಷ್ಟೋ ವಾಸಿಯಾಗಿದ್ದಾರೆ. ಮಗು ಮಾತ್ರ ಅತ್ತೆಯ ಹತ್ತಿರ ಉಳಿದಿದೆ. ಈಗ ಎರಡೂವರೆ ತಿಂಗಳು. 'ಅವಳು ಪೂರ್ತಿ ಹುಷಾರಾಗೋವರೆಗೂ ಮಗು ಇಲ್ಲೇ ಇರಲಿ' ಎನ್ನುತ್ತಾರೆ ಅತ್ತೆ. ಹೋದ ಭಾನುವಾರ ನೀವು ನೋಡಲು ಹೋದಾಗ ಮಗು ನಿಮ್ಮ ಕೈಗೆ ಬಂದ ತಕ್ಷಣ ಅತ್ತಿತು, ಅತ್ತೆಯ ಕೈಗೆ ಹೋದ ಕೂಡಲೇ ಸುಮ್ಮನಾಯಿತು. 'ಮಗಳು ನನ್ನನ್ನು ಮರೆತುಬಿಟ್ಟಿದ್ದಾಳಾ?' ಇದು ನಿಮ್ಮ ಪ್ರಶ್ನೆ.

ಪತ್ರದ ಮೂರನೇ ಪುಟದಲ್ಲಿ ಒಂದು ಮಾತಿದೆ. ಅದನ್ನು ನಾನು ಎರಡು ಮೂರು ಸಲ ಓದಿದೆ. 'ಹೋದ ತಕ್ಷಣ ಕುರ್ಚಿ ಹಾಕುತ್ತಾರೆ. ಚಹಾ, ಚುರುಮುರಿ ಕೊಡುತ್ತಾರೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ತೋರಿಸುತ್ತಾರೆ. ಐದು ನಿಮಿಷಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ.'

ನಿಮ್ಮ ನೋವಿನ ಅರ್ಧ ಭಾಗ ಆ ಕುರ್ಚಿಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಅವರು ಮರ್ಯಾದೆಗೇ ಹಾಕಿದ ಕುರ್ಚಿ ಅದು, ಅದರಲ್ಲಿ ಅನುಮಾನವಿಲ್ಲ. ನಮ್ಮ ಕಡೆ ಮೊದಲ ಬಾಣಂತನ ತವರಿನದು. ಮೂರು ತಿಂಗಳು, ಐದು ತಿಂಗಳು. ಬಾಣಂತಿಗೆ ಎಣ್ಣೆ ನೀರು, ಬಿಸಿಬಿಸಿ ಊಟ, ಬೆಚ್ಚಗಿನ ಕೋಣೆ, ಜೊತೆಗೆ ಅಮ್ಮ. ಇದು ಒಳ್ಳೆಯ ಪದ್ಧತಿಯೇ. ಆದರೆ ಅದರಲ್ಲಿ ಮಗುವಿನ ಅಪ್ಪನಿಗೆ ಒಂದು ಕೆಲಸವನ್ನೂ ಇಟ್ಟಿಲ್ಲ. ಅವನು ಬರಬೇಕು, ನೋಡಬೇಕು, ಹೋಗಬೇಕು. ಎಲ್ಲ ಸರಿಯಿದ್ದಾಗ ಇದು ಅಷ್ಟಾಗಿ ತಿಳಿಯುವುದಿಲ್ಲ. ಐದನೇ ತಿಂಗಳಲ್ಲಿ ಹೆಂಡತಿ ಮಗು ಎತ್ತಿಕೊಂಡು ಬರುತ್ತಾಳೆ, 'ನೋಡು, ಅಪ್ಪ' ಎಂದು ತೋರಿಸುತ್ತಾಳೆ. ಅಪ್ಪನನ್ನು ಮಗುವಿಗೆ ಪರಿಚಯ ಮಾಡಿಸುವವಳು ಅವಳೇ. ನಿಮ್ಮ ಮನೆಯಲ್ಲಿ ಅವಳೇ ಹುಷಾರಿಲ್ಲ. ಆದ್ದರಿಂದ ನೀವೇ ಹೋಗಿ ಪರಿಚಯ ಮಾಡಿಕೊಳ್ಳಬೇಕು. ಕುರ್ಚಿಯಲ್ಲಿ ಕೂತು ಅದು ಆಗುವುದಿಲ್ಲ.

ಮೊದಲು ಆ ಅಳುವಿನ ಬಗ್ಗೆ ಹೇಳುತ್ತೇನೆ. ಎರಡೂವರೆ ತಿಂಗಳ ಮಗು ಯಾರನ್ನೂ ಬೇಡ ಎನ್ನುವುದಿಲ್ಲ. ಅದಕ್ಕೆ ಗೊತ್ತಿರುವುದು ವಾಸನೆ, ದನಿ, ಎತ್ತಿಕೊಳ್ಳುವ ರೀತಿ. ನಿಮ್ಮದು ಹೊಸ ವಾಸನೆ, ಹೊಸ ಹಿಡಿತ. ಅದೂ ಹೆದರಿದ ಹಿಡಿತ. ಇವರೇ ನನ್ನವರು ಎಂದು ಗಟ್ಟಿಯಾಗಿ ಅಂಟಿಕೊಳ್ಳುವುದು, ಹೊಸಬರನ್ನು ಕಂಡರೆ ಮುಖ ಮುಚ್ಚಿಕೊಳ್ಳುವುದು ಶುರುವಾಗುವುದು ಆರು ಏಳು ತಿಂಗಳ ಮೇಲೆ. ಅದೂ ಒಬ್ಬರಿಗೇ ಅಂಟಿಕೊಳ್ಳಬೇಕು ಎಂದೇನಿಲ್ಲ. ದಿನಾ ನೋಡಿಕೊಳ್ಳುವ ಮೂರು ನಾಲ್ಕು ಜನರನ್ನು ಮಗು ಒಟ್ಟಿಗೇ ತನ್ನವರು ಮಾಡಿಕೊಳ್ಳುತ್ತದೆ. ಅತ್ತೆಗೆ ಹೊಂದಿಕೊಂಡಿದೆ ಎಂದರೆ ನಿಮ್ಮ ಜಾಗ ಹೋಯಿತು ಎಂದಲ್ಲ. ಮಗುವಿಗೆ ಒಬ್ಬರನ್ನು ನಂಬಲು ಬಂದಿದೆ ಎಂದು ಅರ್ಥ, ಅದು ನಿಮ್ಮ ಅತ್ತೆಯ ಪುಣ್ಯ. ನಿಮಗೆ ಸಮಯ ಮೀರಿಲ್ಲ.

ಇನ್ನೊಂದು ವಿಷಯ. ಹುಟ್ಟಿದ ಹೊಸದರಲ್ಲಿ ಮಗುವಿನ ಕಣ್ಣಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ. ನಮ್ಮ ಲೆಕ್ಕದಲ್ಲಿ ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ತೋಳಿನಲ್ಲಿ ಮಲಗಿದ ಮಗುವಿಗೂ ಎತ್ತಿಕೊಂಡವರ ಮುಖಕ್ಕೂ ಅಷ್ಟೇ ಅಂತರ. ಈಗ ನಿಮ್ಮ ಮಗಳಿಗೆ ಅದಕ್ಕಿಂತ ಸ್ವಲ್ಪ ದೂರವೂ ಕಾಣುತ್ತದೆ, ಆದರೂ ಮುಖ ಗುರುತಾಗುವುದು ಹತ್ತಿರದಲ್ಲೇ. ಫೋನಿನಲ್ಲಿ ದಿನಾ ವಿಡಿಯೋ ಕಾಲ್ ಮಾಡುತ್ತೀರಂತೆ. ಮಾಡಿ, ಅದು ನಿಮಗೂ ನಿಮ್ಮ ಹೆಂಡತಿಗೂ ಬೇಕು. ಮಗುವಿಗೆ ಮಾತ್ರ ಆ ಒಂದು ಗೇಣಿನ ಅಪ್ಪ ಬೇಕು.

ಈಗ ನನ್ನ ಕಥೆ. ಇದನ್ನು ಈ ಪತ್ರಿಕೆಯಲ್ಲಿ ನಾನು ಯಾವತ್ತೂ ಬರೆದಿಲ್ಲ. ನಾನು ಹುಟ್ಟಿದ್ದು 1976ರಲ್ಲಿ, ಚಿಕ್ಕನಾಯಕನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ, ಅಜ್ಜಿ ಮನೆಯಲ್ಲಿ. ಎಂಟು ತಿಂಗಳವರೆಗೆ ಅಲ್ಲೇ ಬೆಳೆದೆನಂತೆ. ಯಾಕೆ ಎಂದು ಯಾರೂ ಹೇಳಿರಲಿಲ್ಲ. ನಾನು ಮೊದಲ ಸಲ ಬಸುರಿಯಾದಾಗ ಡಾಕ್ಟರು, 'ನಿಮ್ಮ ಅಮ್ಮನಿಗೆ, ಅಕ್ಕಂದಿರಿಗೆ ಹೆರಿಗೆ ಆದ ಮೇಲೆ ಮನಸ್ಸಿನ ಕಾಯಿಲೆ ಏನಾದರೂ ಆಗಿತ್ತಾ?' ಎಂದು ಕೇಳಿದರು. ಇಲ್ಲ ಎಂದೆ. ಮನೆಗೆ ಬಂದು ಸುಮ್ನೆ ಮಾತಿಗೆ ಇದನ್ನು ಹೇಳಿದೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಯಿ ಅಲ್ಲೇ ಬಿಟ್ಟು ಎದ್ದು ಹೋದರು. ಅವತ್ತು ರಾತ್ರಿ ಅಜ್ಜಿ ಹೇಳಿದರು. ಅಮ್ಮನಿಗೆ ಆಗಿದ್ದೂ ನಿಮ್ಮ ಹೆಂಡತಿಗೆ ಆಗಿದ್ದೇ. ಬಾಣಂತಿ ಸನ್ನಿ. ಮಾರನೇ ದಿನವೇ ಹೋಗಿ ಡಾಕ್ಟರಿಗೆ ಹೇಳಿದೆ. ಹೇಳದೇ ಇದ್ದಿದ್ದರೆ ಎಂದು ಈಗಲೂ ಭಯವಾಗುತ್ತದೆ.

ಅಪ್ಪ ಆಗ ಹೊಸದುರ್ಗದ ಕಡೆ ಪ್ರೈಮರಿ ಶಾಲೆ ಮೇಷ್ಟ್ರು. ಅಮ್ಮ ಬೆಂಗಳೂರಿನಲ್ಲಿ ಆಸ್ಪತ್ರೆಯಲ್ಲಿ, ಜೊತೆಗೆ ದೊಡ್ಡಮ್ಮ. ಶನಿವಾರ ಬೆಳಗಿನ ಶಾಲೆ ಮುಗಿಸಿ ಅಪ್ಪ ಒಂದು ವಾರ ಬೆಂಗಳೂರಿಗೆ, ಇನ್ನೊಂದು ವಾರ ನನ್ನ ಹತ್ತಿರ ಬರುತ್ತಿದ್ದರಂತೆ. ಮೊದಲ ಸಲ ಅವರಿಗೂ ಕುರ್ಚಿ ಹಾಕಿದ್ದರು. ಎರಡನೇ ಸಲ ಬಂದಾಗ ಅಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿ, ಪಂಚೆ ಎತ್ತಿ ಕಟ್ಟಿ, 'ಅತ್ತೆ, ಇವತ್ತು ಮಗೂಗೆ ನಾನು ನೀರು ಹಾಕ್ತೀನಿ' ಎಂದರಂತೆ. 'ಗಂಡಸರಿಗೆ ಯಾಕಪ್ಪಾ ಇದೆಲ್ಲಾ' ಎಂದು ಅಜ್ಜಿ ಗಾಬರಿಯಾದರು. ಅಪ್ಪ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕೂತರು. ಮೊಣಕಾಲ ಕೆಳಗೆ ನನ್ನನ್ನು ಮಲಗಿಸಿಕೊಂಡರು. ಅಜ್ಜಿ ಚೊಂಬಿನಲ್ಲಿ ನೀರು ಹದ ಮಾಡಿ ಕೊಟ್ಟರು. ನಾನು ಕಿರುಚಿದ್ದು ಮೂರನೇ ಮನೆಗೆ ಕೇಳಿಸಿತಂತೆ. ಪಕ್ಕದ ಮನೆಯವರು ಬಂದು ನೋಡಿ ನಕ್ಕರು. ಅಪ್ಪ ಮಾತ್ರ ಬಿಡಲಿಲ್ಲ. ನಾಲ್ಕನೇ ಸಲ ನಾನು ಅಳಲಿಲ್ಲ. ಆಮೇಲಾಮೇಲೆ ಬಾಗಿಲ ಹತ್ತಿರ ಅವರು ಕೆಮ್ಮಿದರೆ ಸಾಕು, ತೊಟ್ಟಿಲಲ್ಲೇ ಕತ್ತು ತಿರುಗಿಸುತ್ತಿದ್ದೆ ಎಂದರು ಅಜ್ಜಿ.

ಎರಡು ವಾರಕ್ಕೆ ಒಂದು ಸಲ ಬರುತ್ತಿದ್ದ ಅಪ್ಪ ಅವರು. ಅಷ್ಟರಲ್ಲೇ ಆಯಿತು.

ಇನ್ನು ಕಾಯಿಲೆಯ ವಿಷಯ. ಇದು 1000 ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಬಹಳ ಸಲ ಮೊದಲ ಎರಡು ವಾರದೊಳಗೇ ಶುರುವಾಗುತ್ತದೆ. ನಿದ್ದೆ ಹೋಗುವುದು, ವಿಪರೀತ ಮಾತು ಇಲ್ಲವೇ ಪೂರ್ತಿ ಮೌನ, ಮಗು ಬದಲಾಗಿದೆ ಎಂಬ ಅನುಮಾನ, ಇಲ್ಲದ ದನಿ ಕೇಳಿಸುವುದು ಎಲ್ಲ ಇದರ ಗುರುತುಗಳು. ಹೆತ್ತ ನಾಲ್ಕನೇ ಐದನೇ ದಿನ ಸುಮ್ಮಸುಮ್ಮನೆ ಕಣ್ಣೀರು ಬರುವುದು ಬೇರೆ. ಅದು ತುಂಬಾ ಜನಕ್ಕೆ ಆಗುತ್ತದೆ, ತಾನೇ ಹೋಗುತ್ತದೆ. ಬಾಣಂತಿ ಸನ್ನಿ ಹಾಗೆ ಬಿಟ್ಟು ನೋಡುವ ಕಾಯಿಲೆ ಅಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಜೋರು ಇಳಿಯಲು ಕೆಲವು ವಾರ ಬೇಕು, ಮೊದಲಿನಂತಾಗಲು ಆರು ತಿಂಗಳಿಂದ ವರ್ಷ ಹಿಡಿಯಬಹುದು. ಚೆನ್ನಾಗಿದ್ದಾಳಲ್ಲ ಎಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮುಂದಿನ ಬಸಿರಿನಲ್ಲಿ ಮತ್ತೆ ಬರುವ ಸಂಭವ ಜಾಸ್ತಿ ಇರುವುದರಿಂದ ಆಗ ಮೊದಲ ತಿಂಗಳಲ್ಲೇ ಡಾಕ್ಟರಿಗೆ ತಿಳಿಸಬೇಕು.

ಅಂದರೆ, ಮಗುವನ್ನು ಆಗ ದೂರ ಇಟ್ಟಿದ್ದು ತಪ್ಪಾಗಿರಲಿಲ್ಲ. ಆದರೆ 'ಪೂರ್ತಿ ಹುಷಾರಾಗೋವರೆಗೂ' ಎಂದು ಕಾದರೆ ಒಂದು ವರ್ಷ ಹೋಗುತ್ತದೆ. ಅಷ್ಟು ಕಾಯಬೇಕು ಎಂದು ವೈದ್ಯರೂ ಹೇಳುವುದಿಲ್ಲ, ಕಾನೂನೂ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ನೋಡಿ. ಆಸ್ಪತ್ರೆಯಲ್ಲಿ ದಾಖಲಾಗಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯ ಎಂದು ವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕವಾಗಿ ಮಾಡಬಹುದು. ಆಗಲೂ ಯಾರಾದರೂ ಜೊತೆಗಿದ್ದು ತಾಯಿಗೆ ಮಗುವನ್ನು ತೋರಿಸುತ್ತಿರಬೇಕು, 15 ದಿನಕ್ಕೊಮ್ಮೆ ಆ ತೀರ್ಮಾನವನ್ನು ಮತ್ತೆ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ದಾಖಲಾಗುವ ವಾರ್ಡ್ 2009ರಿಂದ ಇದೆ. ಆಸ್ಪತ್ರೆಯೊಳಗೇ ಹೀಗಿರುವಾಗ, ಮನೆಗೆ ಬಂದ ತಾಯಿಗೆ ಇಷ್ಟು ದಿನವಾದರೂ ಮಗುವಿನ ಮೈ ಮುಟ್ಟಲು ಸಿಕ್ಕಿಲ್ಲ ಎಂದರೆ ನನಗೆ ತಡೆಯಲಾಗುವುದಿಲ್ಲ.

ಹಾಗೆಂದು ಅತ್ತೆಯ ಜೊತೆ ಜಗಳಕ್ಕೆ ಹೋಗಬೇಡಿ. ಹೆತ್ತ ಮಗಳು ತನ್ನ ಮಗುವನ್ನೇ ನೋಡಿ ಚೀರಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆ ರಾತ್ರಿಗಳಲ್ಲಿ ನೀವು ಅಲ್ಲಿರಲಿಲ್ಲ, ಅವರಿದ್ದರು. ಆ ಭಯ ನೀವು ಹೇಳಿದರೆ ಹೋಗುವುದಿಲ್ಲ, ಡಾಕ್ಟರು ಹೇಳಿದರೆ ಹೋಗಬಹುದು. ಮುಂದಿನ ಸಲ ತೋರಿಸಲು ಹೋಗುವ ದಿನ ಅತ್ತೆಯನ್ನೂ ಮಗುವನ್ನೂ ಬೆಂಗಳೂರಿಗೆ ಕರೆಸಿಕೊಳ್ಳಿ. ನಾಲ್ಕೂ ಜನ ಒಟ್ಟಿಗೆ ಹೋಗಿ. ಇವಳು ಮಗುವನ್ನು ಎತ್ತಿಕೊಳ್ಳಬಹುದಾ, ಎಷ್ಟು ಹೊತ್ತು, ಜೊತೆಗೆ ಯಾರಿರಬೇಕು, ಈ ಮಾತ್ರೆ ತಿನ್ನುವಾಗ ಹಾಲು ಕೊಡಬಹುದಾ, ಎಲ್ಲವನ್ನೂ ಅತ್ತೆಯ ಎದುರಿಗೇ ಕೇಳಿ. ಕೆಲವು ಮಾತ್ರೆಗೆ ತೊಂದರೆಯಿಲ್ಲ, ಕೆಲವಕ್ಕೆ ಬೇಡ ಎನ್ನುತ್ತಾರೆ. ಒಪ್ಪಿದರೆ ಅತ್ತೆ ಮಗು ಜೊತೆ ಒಂದು ವಾರ ನಿಮ್ಮ ಮನೆಯಲ್ಲೇ ಇರಲಿ. ರಾತ್ರಿ ಮಗುವನ್ನು ನೀವು ಮತ್ತು ಅತ್ತೆ ನೋಡಿಕೊಳ್ಳಿ, ನಿಮ್ಮ ಹೆಂಡತಿ ನಿದ್ದೆ ಮಾಡಲಿ. ಈ ಕಾಯಿಲೆಯಲ್ಲಿ ನಿದ್ದೆಯೂ ಔಷಧವೇ. ಡಾಕ್ಟರು ಸರಿ ಎನ್ನುವವರೆಗೆ ಅವರನ್ನು ಮಗುವಿನ ಜೊತೆ ಒಬ್ಬರನ್ನೇ ಬಿಡಬೇಡಿ, ಆದರೆ ಕಾವಲು ಕಾಯುವ ಹಾಗೆ ನಿಲ್ಲಲೂ ಬೇಡಿ. ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದರೆ ಸಾಕು.

ನಿಮಗೆ ಹೆಂಡತಿಯ ಮೇಲೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಅದು ಪಾಪವಾ ಎಂದು ಕೇಳಿದ್ದೀರಿ. ಪಾಪ ಅಲ್ಲ. ಹಗಲು ಕಾರ್ಖಾನೆ, ಸಂಜೆ ಅಡುಗೆ, ರಾತ್ರಿ ಅವರ ಮಾತ್ರೆ, ಭಾನುವಾರ ರೈಲು. ಸರ್ಕಾರಿ ನೌಕರರಿಗಾದರೂ 15 ದಿನ ಪಿತೃತ್ವ ರಜೆ ಇದೆ, ಖಾಸಗಿ ಕಾರ್ಖಾನೆಯವರಿಗೆ ಅಂಥ ಕಾನೂನೇ ಇಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ದಣಿದ ಮನುಷ್ಯನಿಗೆ ಸಿಟ್ಟು ಬರುತ್ತದೆ. ಅದನ್ನು ಅವರ ಮೇಲೆ ಹಾಕಬೇಡಿ. ಆ ದಿನ ಆಡಿದ ಮಾತು ಅವರಿಗೂ ನೆನಪಿರಬಹುದು, ಅದು ಅವರನ್ನು ಒಳಗೇ ಸುಡುತ್ತಿರಬಹುದು. 'ನಾನು ಹಾಗಂದೆನಾ?' ಎಂದು ಕೇಳಿದರೆ ಸುಳ್ಳು ಹೇಳಬೇಡಿ. 'ಅಂದೆ, ಜ್ವರದಲ್ಲಿ ಬಡಬಡಿಸುತ್ತಾರಲ್ಲ, ಹಾಗೆ' ಎನ್ನಿ. ನಮ್ಮ ಮನೆಯಲ್ಲಿ ಇದನ್ನು ಇಷ್ಟು ವರ್ಷ ಮುಚ್ಚಿಟ್ಟು ಅಮ್ಮನಿಗೆ ಒಳ್ಳೆಯದೇನೂ ಆಗಲಿಲ್ಲ.

ರಾತ್ರಿ ತಾರಸಿಗೆ ಹೋಗಿ ಅಳುತ್ತೀರಿ, ಗಂಡಸು ಅಳಬಾರದು ಎಂದು ನಿಮ್ಮ ತಾಯಿ ಬೈದರು ಎಂದೂ ಬರೆದಿದ್ದೀರಿ. ಅಳಿ. ಆದರೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದೂ ಬೇಡ ಎನ್ನಿಸುವುದು ಎರಡು ವಾರ ದಾಟಿದ್ದರೆ ನೀವೂ ಡಾಕ್ಟರ ಹತ್ತಿರ ಮಾತಾಡಬೇಕು. ಮಗು ಹುಟ್ಟಿದ ಮೊದಲ ವರ್ಷದಲ್ಲಿ ಹತ್ತು ಅಪ್ಪಂದಿರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಹೆಂಡತಿಗೆ ಹುಷಾರಿಲ್ಲದಿದ್ದರೆ ಇನ್ನೂ ಜಾಸ್ತಿ. ಇದು ಗೊತ್ತಿರುವವರೇ ಕಡಿಮೆ. ಅಷ್ಟು ದೂರ ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅವರು ಬೆಂಗಳೂರಿಗೆ ಬರುವ ಮುಂಚೆ ಇನ್ನೂ ಒಂದು ಭಾನುವಾರ ಇದೆ. ಈ ಸಲ ಹೋದಾಗ ಕುರ್ಚಿಯಲ್ಲಿ ಕೂರಬೇಡಿ. ಮುಖ, ಕೈಕಾಲು ತೊಳೆದು ಬೇರೆ ಅಂಗಿ ಹಾಕಿಕೊಂಡು, ಮಗು ಮಲಗುವ ಚಾಪೆಯ ಹತ್ತಿರವೇ ಕೂತುಬಿಡಿ. ಮೊದಲ ಅರ್ಧ ಗಂಟೆ ಎತ್ತಿಕೊಳ್ಳಬೇಡಿ, ಸುಮ್ನೆ ಮಾತಾಡುತ್ತಿರಿ. ಏನು ಮಾತು ಎಂದು ಯೋಚಿಸಬೇಡಿ. ರೈಲಿನಲ್ಲಿ ಯಾರು ಪಕ್ಕ ಕೂತಿದ್ದರು ಎಂದು ಹೇಳಿದರೂ ಅದಕ್ಕೆ ನಿಮ್ಮ ದನಿಯೇ. ಆಮೇಲೆ ಅತ್ತೆಗೆ ಹೇಳಿ, ಎರೆಯುವುದನ್ನು ಕಲಿಸಿಕೊಡಿ ಎಂದು. ಕೊಡುತ್ತಾರೆ. ಕಲಿಸಿ ಎಂದು ಕೇಳಿದ ಅಳಿಯನಿಗೆ ಇಲ್ಲ ಎನ್ನುವ ಅತ್ತೆಯನ್ನು ನಾನು ನೋಡಿಲ್ಲ. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿಕೊಳ್ಳಿ. ಮೂಗಿಗೆ, ಕಿವಿಗೆ ಎಣ್ಣೆ ಬೇಡ. ಸಾಂಬ್ರಾಣಿ ಹೊಗೆಯೂ ಆ ಪುಟ್ಟ ಎದೆಗೆ ಒಳ್ಳೆಯದಲ್ಲ, ಇದನ್ನು ಮಾತ್ರ ಅತ್ತೆಗೆ ಮೆತ್ತಗೆ ಹೇಳಿ.

ಮಗಳು ಉಟ್ಟು ಬಿಚ್ಚಿದ ಒಂದು ಬಟ್ಟೆ ಅಥವಾ ಕುಲಾವಿ ಕೇಳಿ ತನ್ನಿ, ಒಗೆಯದೇ. ಅದು ನಿಮ್ಮ ಹೆಂಡತಿಗೆ.

ಹೊರಡುವ ಮುಂಚೆ ಉಂಗುರ, ವಾಚು ಬಿಚ್ಚಿಡಿ. ಉಗುರು ಕತ್ತರಿಸಿಕೊಳ್ಳಿ.

ನಿಮ್ಮ,
ಸಂಪಾದಕಿ